ಮುತ್ತಜ್ಜಿಯ ಹೆಸರು: ಗ್ರಂಥಾಲಯದ ಕರಿಹಲಗೆಗೆ ದಿನಕ್ಕೊಂದು ತುಣುಕು ಬೇಕಾಗಿದೆ

ಹಾಸನದ ಓದುಗಿ:
ಎಲ್ಲರಿಗೂ ನಮಸ್ಕಾರ. ನಾನು ಹೋಗುವ ಗ್ರಂಥಾಲಯದಲ್ಲಿ ದಿನಪತ್ರಿಕೆಗಳ ಮೇಜಿನ ಪಕ್ಕದಲ್ಲಿ ಒಂದು ಹಳೆಯ ಕರಿಹಲಗೆ ಇದೆ. ಅದರ ಮೇಲೆ ದಿನಕ್ಕೊಂದು ತುಣುಕು ಬರೆಯುವ ಕೆಲಸವನ್ನು ಎರಡು ತಿಂಗಳ ಹಿಂದೆ ನಾನಾಗಿಯೇ ವಹಿಸಿಕೊಂಡೆ. ಮೊದಲ ವಾರ ಜಿಲ್ಲೆಯ ಇತಿಹಾಸವನ್ನು ಬರೆದೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು 1936ರಲ್ಲಿ ಬೆಳಕಿಗೆ ತಂದವರು ಎಂ.ಎಚ್. ಕೃಷ್ಣ, ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ, ಹೀಗೆ. ಬಂದವರು ಕಣ್ಣಾಡಿಸಿ ಪತ್ರಿಕೆಯ ಕಡೆಗೆ ಹೋಗುತ್ತಿದ್ದರು. ಎರಡನೆಯ ವಾರದ ಒಂದು ದಿನ ಬರೆಯಲು ಏನೂ ತೋಚದೆ, "ನಿಮ್ಮ ತಂದೆಯ ಅಜ್ಜಿಯ ಹೆಸರೇನು?" ಎಂದಷ್ಟೇ ಬರೆದೆ. ಅಂದು ಹಲಗೆಯ ಮುಂದೆ ಜನ ನಿಂತರು. ತಂದೆಯ ಅಜ್ಜನ ಹೆಸರನ್ನು ಬಹುತೇಕ ಎಲ್ಲರೂ ಹೇಳಿದರು. ಅಜ್ಜಿಯ ಹೆಸರನ್ನು ಹೇಳಿದವರು ಇಬ್ಬರೇ. ನನಗೂ ಗೊತ್ತಿರಲಿಲ್ಲ ಎಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ.

ಅಂದಿನಿಂದ ಹಲಗೆಯ ತುಂಬ ಮನೆತನದ ಚರಿತ್ರೆಯನ್ನು ಹುಡುಕುವ ದಾರಿಗಳೇ ಇವೆ. ಇದುವರೆಗೆ ಹೆಚ್ಚು ಉಪಯೋಗವಾದ ತುಣುಕು ಬಹಳ ಸರಳವಾದದ್ದು: ಹಿರಿಯರನ್ನು "ಯಾವ ಇಸವಿ?" ಎಂದು ಕೇಳಬೇಡಿ, "ಯಾವುದಕ್ಕೆ ಮೊದಲು, ಯಾವುದರ ನಂತರ?" ಎಂದು ಕೇಳಿ. ಇಸವಿ ಕೇಳಿದರೆ "ನನಗೇನು ಗೊತ್ತಪ್ಪ" ಎಂದು ಸುಮ್ಮನಾಗುವವರು, "ಗೊರೂರು ಅಣೆಕಟ್ಟು ಆಗುವ ಮೊದಲೋ, ಆಮೇಲೋ?" ಎಂದರೆ ತಟ್ಟನೆ ಉತ್ತರಿಸುತ್ತಾರೆ. ಹೇಮಾವತಿ ಹೊಳೆಯ ಆ ಅಣೆಕಟ್ಟು ಮುಗಿದದ್ದು 1979ರಲ್ಲಿ. ಅಲ್ಲಿಗೆ ಒಂದು ಗೂಟ ಹೊಡೆದಂತಾಯಿತು. ಇಂತಹ ದಾರಿಗಳು ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ನಾನು ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದಿ.

ಅರಸೀಕೆರೆಯ ನಿವೃತ್ತ ಮೇಷ್ಟ್ರು:
ತಾಯಿ, ತಮ್ಮ ಪ್ರಯತ್ನ ಸಂತೋಷ ತಂದಿತು. ಗೂಟಗಳ ವಿಷಯಕ್ಕೆ ನನ್ನದೂ ಒಂದಿಷ್ಟು ಸೇರಿಸುತ್ತೇನೆ. ನಮ್ಮ ಹಿರಿಯರು ಇಸವಿಯನ್ನು ಬಲ್ಲವರಲ್ಲ ಎಂಬುದು ಅರ್ಧ ಸತ್ಯ. ಅವರು ಸಂವತ್ಸರವನ್ನು ಬಲ್ಲವರು. ಹಳೆಯ ಜಾತಕ, ಕ್ರಯಪತ್ರ, ಲೆಕ್ಕದ ಪುಸ್ತಕ, ದೇವಸ್ಥಾನದ ಗಂಟೆಯ ಮೇಲಿನ ಬರಹ ಎಲ್ಲದರಲ್ಲೂ ಸಂವತ್ಸರದ ಹೆಸರಿರುತ್ತದೆ. ಅರವತ್ತು ಸಂವತ್ಸರಗಳ ಚಕ್ರದಲ್ಲಿ ಮೊದಲನೆಯದಾದ ಪ್ರಭವವು 1867ರಲ್ಲಿ, 1927ರಲ್ಲಿ ಮತ್ತು 1987ರಲ್ಲಿ ಬಂದಿದೆ. ಈ ಮೂರು ಇಸವಿಗಳನ್ನು ನೆನಪಿಟ್ಟುಕೊಂಡು ಪಂಚಾಂಗದ ಪಟ್ಟಿಯನ್ನು ಮುಂದಿಟ್ಟುಕೊಂಡರೆ ಯಾವ ಸಂವತ್ಸರವನ್ನಾದರೂ ಎಣಿಸಬಹುದು. ಅರವತ್ತು ವರ್ಷ ಹಿಂದೆಯೋ ಮುಂದೆಯೋ ಎಂಬ ಗೊಂದಲವೊಂದೇ ಉಳಿಯುತ್ತದೆ. ಅದನ್ನು ತಲೆಮಾರಿನ ಲೆಕ್ಕದಿಂದ ಬಿಡಿಸಿಕೊಳ್ಳಬೇಕು.

ಉದಾಹರಣೆಗೆ, ನಮ್ಮ ತಾಯಿಯವರು ಹುಟ್ಟಿದ್ದು "ರಕ್ತಾಕ್ಷಿಯಲ್ಲಿ, ಹೊಳೆ ಬಂದ ವರ್ಷ, ಸಂಕ್ರಾಂತಿ ಕಳೆದ ಮೇಲೆ" ಎಂದು ಮನೆಯಲ್ಲಿ ಹೇಳುತ್ತಿದ್ದರು. ರಕ್ತಾಕ್ಷಿ ಎಂದರೆ 1924ರ ಯುಗಾದಿಯಿಂದ 1925ರ ಯುಗಾದಿಯವರೆಗೆ. ಕಾವೇರಿಯ ಕೊಳ್ಳದಲ್ಲೆಲ್ಲ ಮಹಾಪ್ರವಾಹ ಬಂದದ್ದು 1924ರ ಜುಲೈನಲ್ಲಿ. ಹೇಮಾವತಿಯ ದಡದ ಹಿರಿಯರು "ಹೊಳೆ ಬಂದ ವರ್ಷ" ಎನ್ನುತ್ತಿದ್ದದ್ದು ಇದನ್ನೇ. ಎರಡೂ ಹೊಂದಿಕೊಂಡವು. ಆದರೆ ಸಂಕ್ರಾಂತಿ ಕಳೆದ ಮೇಲೆ ಎಂದಿರುವುದರಿಂದ ಹುಟ್ಟಿದ್ದು 1925ರಲ್ಲಿ, 1924ರಲ್ಲಲ್ಲ. ಜನವರಿಯಿಂದ ಯುಗಾದಿಯವರೆಗಿನ ತಿಂಗಳುಗಳಲ್ಲಿ ಬಹಳ ಜನ ಎಡವುವುದು ಇಲ್ಲೇ. ಹಾಗೆಯೇ "ಧಾತು ಈಶ್ವರದ ಬರ" ಎಂಬ ಮಾತು ಯಾರ ಮನೆಯಲ್ಲಾದರೂ ಉಳಿದಿದ್ದರೆ ಅದು 1876ರಿಂದ 1878ರವರೆಗಿನ ಮಹಾ ಬರಗಾಲ. "ಪ್ಲೇಗು ಬಂದು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ್ದು" ಎಂದರೆ 1898ಕ್ಕೆ ಹಿಂದಿನದಲ್ಲ. ಮೈಸೂರು ಸಂಸ್ಥಾನಕ್ಕೆ ಪ್ಲೇಗು ಕಾಲಿಟ್ಟದ್ದು ಆ ವರ್ಷ.

ಇನ್ನು ಶಾಲೆಯ ದಾಖಲೆಯಲ್ಲಿರುವ ಹುಟ್ಟಿದ ದಿನಾಂಕವನ್ನು ನಂಬುವವರಿಗೆ ಒಂದು ಎಚ್ಚರಿಕೆ. ಆ ದಿನಾಂಕಗಳಲ್ಲಿ ಎಷ್ಟೋ ನಾನೇ ಕೊಟ್ಟವು. ಮಗು ಬಲಗೈಯನ್ನು ತಲೆಯ ಮೇಲಿನಿಂದ ತಂದು ಎಡಗಿವಿಯನ್ನು ಮುಟ್ಟಿದರೆ ಶಾಲೆಗೆ ಸೇರಿಸಿಕೊಳ್ಳುವ ವಯಸ್ಸಾಗಿದೆ ಎಂದು ಲೆಕ್ಕ. ಜೂನ್ ತಿಂಗಳ ಮೊದಲ ದಿನಾಂಕ ಹಾಕಿಬಿಡುತ್ತಿದ್ದೆವು.

ಚಿಕ್ಕಮಗಳೂರಿನ ವಿದ್ಯಾರ್ಥಿ:
ಮೇಷ್ಟ್ರೇ, ನಮ್ಮ ಮುತ್ತಾತನ ಜಾತಕದ ಹಾಳೆ ಹರಿದಿದೆ. ಪಾರ್ಥಿವ ಸಂವತ್ಸರ ಎಂಬುದು ಮಾತ್ರ ಓದಲು ಬರುತ್ತದೆ. ಅವರ ಹಿರಿಯ ಮಗ, ಎಂದರೆ ನಮ್ಮ ತಾತ, 1912ರಲ್ಲಿ ಹುಟ್ಟಿದವರು.

ಅರಸೀಕೆರೆಯ ನಿವೃತ್ತ ಮೇಷ್ಟ್ರು:
ಪಾರ್ಥಿವ ಹತ್ತೊಂಬತ್ತನೆಯದು. 1885 ಅಥವಾ 1945. ಮಗ 1912ರವನಾದ್ದರಿಂದ 1885ರಿಂದ 86ರ ಯುಗಾದಿಯೊಳಗೆ. ನೋಡು, ಹರಿದ ಹಾಳೆಯೂ ಸಾಕಾಯಿತು.

ಕಡೂರಿನ ವಕೀಲರು:
ಕಾಗದಪತ್ರಗಳ ಕಡೆಯಿಂದ ನಾಲ್ಕು ಮಾತು. ನಮ್ಮ ಭಾಗದಲ್ಲಿ ಮನೆತನದ ಚರಿತ್ರೆ ಅಡಗಿರುವುದು ಜಮೀನಿನ ದಾಖಲೆಗಳಲ್ಲಿ. ಗಣಕದಿಂದ ಬರುವ ಪಹಣಿಯನ್ನು ನೋಡಿ ನಿಲ್ಲಬೇಡಿ. ಪಹಣಿಗಳನ್ನು ಗಣಕಕ್ಕೆ ಏರಿಸಿದ ಭೂಮಿ ಯೋಜನೆ ಬರುವುದಕ್ಕೆ ಮುಂಚಿನ ಕೈಬರಹದ ಪಹಣಿಯ ನಕಲನ್ನು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ಕೇಳಿ ಪಡೆಯಿರಿ. ಒಂಬತ್ತನೆಯ ಕಾಲಂನಲ್ಲಿ ಸ್ವಾಧೀನದಾರನ ಹೆಸರು, ಹನ್ನೆರಡನೆಯದರಲ್ಲಿ ಸಾಗುವಳಿ ಮಾಡುತ್ತಿದ್ದವನ ಹೆಸರು ಇರುತ್ತದೆ. ಗೇಣಿದಾರರ ಮನೆತನದವರು ಹನ್ನೆರಡನೆಯ ಕಾಲಂ ನೋಡಬೇಕು. ಅಲ್ಲಿಂದ ಖಾತೆ ಬದಲಾವಣೆಗಳನ್ನು ಬರೆಯುವ ಮ್ಯುಟೇಷನ್ ರಿಜಿಸ್ಟರಿಗೆ (ಎಂ.ಆರ್.) ಹೋಗಿ. ಯಜಮಾನ ತೀರಿಕೊಂಡ ಮೇಲೆ ಪೌತಿ ಖಾತೆ, ಎಂದರೆ ವಾರಸುದಾರರ ಹೆಸರಿಗೆ ಖಾತೆ, ಆದಾಗ ಬರೆದ ಎಂ.ಆರ್. ನಮೂದಿನಲ್ಲಿ ಯಾರು ಸತ್ತರು, ವಾರಸುದಾರರು ಯಾರು ಎಂಬುದು ಎರಡು ಮೂರು ಸಾಲಿನಲ್ಲಿ ಸಿಗುತ್ತದೆ.

ಓದುವಾಗ "ಬಿನ್" ಎಂದರೆ ಮಗ, "ಕೋಂ" ಎಂದರೆ ಹೆಂಡತಿ ಎಂದು ತಿಳಿಯಿರಿ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ರೂಢಿಯಿಂದಾಗಿ ತಿಮ್ಮೇಗೌಡ ಬಿನ್ ರಂಗೇಗೌಡ, ರಂಗೇಗೌಡ ಬಿನ್ ತಿಮ್ಮೇಗೌಡ, ಮತ್ತೆ ತಿಮ್ಮೇಗೌಡ ಬಿನ್ ರಂಗೇಗೌಡ ಎಂದು ಸರಪಳಿ ಸಾಗುತ್ತದೆ. ಮೊದಲನೆಯ ತಿಮ್ಮೇಗೌಡನನ್ನೂ ಮೂರನೆಯವನನ್ನೂ ಒಬ್ಬನೇ ಎಂದುಕೊಂಡು ಎರಡು ತಲೆಮಾರನ್ನೇ ನುಂಗಿದ ವಂಶವೃಕ್ಷಗಳನ್ನು ನಾನು ನ್ಯಾಯಾಲಯದಲ್ಲಿ ಕಂಡಿದ್ದೇನೆ.

ಇನ್ನೊಂದು ದಾಖಲೆಯನ್ನು ಜನ ಮರೆಯುತ್ತಾರೆ. ಭೂಸುಧಾರಣಾ ಕಾಯಿದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಮೇಲೆ ಗೇಣಿದಾರರು ತಾವು ಉಳುತ್ತಿದ್ದ ಜಮೀನಿನ ಒಡೆತನ ಕೋರಿ ನಮೂನೆ 7ರಲ್ಲಿ ಅರ್ಜಿ ಹಾಕಿದರು. ಭೂನ್ಯಾಯಮಂಡಳಿಯ ಮುಂದೆ ಅವರೂ ಅಕ್ಕಪಕ್ಕದ ಹೊಲದವರೂ ಕೊಟ್ಟ ಹೇಳಿಕೆಗಳು ಆ ಕಡತಗಳಲ್ಲಿವೆ. "ನಮ್ಮ ತಂದೆಯ ಕಾಲದಿಂದ ನಾವೇ ಉಳುತ್ತಿದ್ದೇವೆ" ಎಂದು ಒಬ್ಬ ಮುದುಕ ತನ್ನ ಬಾಯಿಂದ ಹೇಳಿದ ಮಾತು ಅಲ್ಲಿ ದಾಖಲಾಗಿರುತ್ತದೆ. ಕಾನೂನಿನ ಕಾಗದಗಳಲ್ಲಿ ಮನುಷ್ಯನ ದನಿ ಇಷ್ಟು ಸ್ಪಷ್ಟವಾಗಿ ಕೇಳುವುದು ಅಪರೂಪ.

ನಾಡಕಚೇರಿಯ ವಂಶವೃಕ್ಷವನ್ನು ಮಾತ್ರ ಚರಿತ್ರೆ ಎಂದು ತಿಳಿಯಬೇಡಿ. ಅದು ವಾರಸಿನ ಅಗತ್ಯಕ್ಕೆಂದು ಅರ್ಜಿದಾರರು ಪ್ರಮಾಣ ಮಾಡಿ ಬರೆದುಕೊಟ್ಟ ಹೇಳಿಕೆಯನ್ನು (ಅಫಿಡವಿಟ್) ಆಧರಿಸಿ ಕೊಡುವಂಥದ್ದು. ಹೆಣ್ಣುಮಕ್ಕಳ ಹೆಸರನ್ನು "ಮರೆತ" ವಂಶವೃಕ್ಷಗಳಿಂದಲೇ ನಮ್ಮಂಥವರಿಗೆ ಕೆಲಸ ಸಿಗುತ್ತಿದೆ.

ಮೂಡಿಗೆರೆಯಿಂದ ಒಬ್ಬರು:
ಬೇಸರಿಸಬೇಡಿ, ಒಂದು ಮಾತು ಹೇಳಲೇಬೇಕು. ವಕೀಲರು ಹೇಳಿದ ಎಲ್ಲವೂ ಜಮೀನಿದ್ದವರಿಗೆ ಅಥವಾ ಜಮೀನು ಉತ್ತವರಿಗೆ. ನಮ್ಮ ಅಜ್ಜ ಘಟ್ಟದ ಕೆಳಗಿನಿಂದ, ಆಳುಗಳನ್ನು ಕರೆತರುವ ಮೇಸ್ತ್ರಿಯ ಜೊತೆ ಕಾಫಿ ತೋಟಕ್ಕೆ ಬಂದವರು. ತೋಟದ ಆಳುಗಳ ಸಾಲುಮನೆಯಾದ ಲೈನುಮನೆಯಲ್ಲಿ ಹುಟ್ಟಿ ಲೈನುಮನೆಯಲ್ಲೇ ಸತ್ತವರಿಗೆ ಯಾವ ಕಾಲಂನಲ್ಲಿ ಹುಡುಕಬೇಕು? ಅಪ್ಪನ ಜನನ ದಾಖಲೆ ಕೇಳಲು ಒಂದು ಕಚೇರಿಗೆ ಹೋದಾಗ "ಯಾವ ಊರು?" ಎಂದರು. ತೋಟದ ಹೆಸರು ಹೇಳಿದೆ. "ಅದು ಊರಲ್ಲ" ಎಂದರು.

ಸಕಲೇಶಪುರದವರು:
ಮೂಡಿಗೆರೆಯವರ ಪ್ರಶ್ನೆ ನ್ಯಾಯವಾದದ್ದು. ನಾನು ಮೂವತ್ತು ವರ್ಷ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವನು. ತೋಟದ ಚೆಕ್‌ರೋಲನ್ನು, ಎಂದರೆ ಆಳುಗಳ ಹಾಜರಿ ಪುಸ್ತಕವನ್ನು, ಯಾರೂ ಇತಿಹಾಸದ ದಾಖಲೆ ಎಂದು ಎಣಿಸುವುದಿಲ್ಲ. ಆದರೆ ಯಾವ ಆಳು ಯಾವ ಮೇಸ್ತ್ರಿಯ ಗುಂಪಿನವನು, ಎಷ್ಟು ದಿನ ಕೆಲಸ, ಎಷ್ಟು ಮುಂಗಡ ಎಂಬುದು ತಿಂಗಳು ತಿಂಗಳಿಗೆ ಅದರಲ್ಲಿ ಇದೆ. ಮೇಸ್ತ್ರಿ ತನ್ನ ಊರಿನ ಸುತ್ತಮುತ್ತಲಿನವರನ್ನೇ ಕರೆತರುತ್ತಿದ್ದುದರಿಂದ, ಅಜ್ಜನ ಊರು ತಿಳಿಯದಿದ್ದರೂ ಮೇಸ್ತ್ರಿಯ ಊರು ತಿಳಿದರೆ ಅರ್ಧ ದಾರಿ ಸವೆದಂತೆ. ಭವಿಷ್ಯನಿಧಿಗೆ (ಪಿ.ಎಫ್.) ಸೇರಿದ ಮೇಲಿನ ಕಾಲದವರಾದರೆ ನಾಮನಿರ್ದೇಶನದ ಅರ್ಜಿಯಲ್ಲಿ ಹೆಂಡತಿ, ಮಕ್ಕಳ ಹೆಸರು, ವಯಸ್ಸು ಇರುತ್ತದೆ. ಕೆಲವು ತೋಟಗಳಲ್ಲಿ ಹಳೆಯ ಪುಸ್ತಕಗಳನ್ನು ಗೆದ್ದಲು ತಿಂದಿದೆ, ಕೆಲವು ಕಡೆ ಮಾಲೀಕರು ಬದಲಾದಾಗ ಒಲೆಗೆ ಹೋಗಿವೆ. ಉಳಿದಿರುವ ಕಡೆ ಈಗಿನ ರೈಟರ್ ಅವರನ್ನು ವಿನಯದಿಂದ ಕೇಳಿದರೆ ತೋರಿಸುತ್ತಾರೆ.

ಕ್ರೈಸ್ತ ಕುಟುಂಬಗಳಾದರೆ ಚರ್ಚಿನ ಜ್ಞಾನಸ್ನಾನ, ಮದುವೆ, ಸಮಾಧಿ ರಿಜಿಸ್ಟರುಗಳಿವೆ. ಜ್ಞಾನಸ್ನಾನದ ನಮೂದಿನಲ್ಲಿ ತಾಯಿಯ ಹೆಸರನ್ನೂ ಬರೆಯುತ್ತಾರೆ ಎಂಬುದನ್ನು ಹಾಸನದ ಮೇಡಂ ಗಮನಿಸಬೇಕು. ನಮ್ಮ ಎರಡೂ ಜಿಲ್ಲೆಗಳು ಸೇರಿದ ಚಿಕ್ಕಮಗಳೂರು ಧರ್ಮಪ್ರಾಂತ್ಯ (ಬಿಷಪರ ಆಡಳಿತದ ಪ್ರದೇಶ) ಆದದ್ದು 1963ರಲ್ಲಿ; ಅದಕ್ಕೆ ಮೊದಲು ನಾವು ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದ್ದೆವು.

ಅಪ್ಪನ ಜನನದ ಬಗ್ಗೆ: ಈಗಿನ ಜನನ ಮರಣ ನೋಂದಣಿ ಕಾಯಿದೆ 1969ರದ್ದು. ಅದಕ್ಕೂ ಹಿಂದಿನ ನಮೂದುಗಳು ಇದ್ದರೆ ಇವೆ, ಇಲ್ಲದಿದ್ದರೆ ಇಲ್ಲ. ತೋಟ ಯಾವ ಕಂದಾಯ ಗ್ರಾಮದ ಸರಹದ್ದಿನಲ್ಲಿದೆ ಎಂಬುದನ್ನು ಪಹಣಿಯಲ್ಲಿ ನೋಡಿಕೊಂಡು ಆ ಗ್ರಾಮದ ಹೆಸರಿನಲ್ಲಿ ಕೇಳಿ. ತೋಟದ ಮಕ್ಕಳು ಓದಿದ ಹತ್ತಿರದ ಶಾಲೆಯ ದಾಖಲಾತಿ ರಿಜಿಸ್ಟರ್ ಅದಕ್ಕಿಂತ ಬೇಗ ಸಿಗುತ್ತದೆ. ದಿನಾಂಕವನ್ನು ಬಿಡಿ, ಮೇಷ್ಟ್ರು ಈಗಷ್ಟೇ ಒಪ್ಪಿಕೊಂಡಿದ್ದಾರೆ. ತಂದೆಯ ಹೆಸರು ಮತ್ತು ಊರು ಸಾಕು.

ಮೂಡಿಗೆರೆಯಿಂದ ಒಬ್ಬರು:
ಉಪಕಾರವಾಯಿತು. ಹಾಸನದ ಅಕ್ಕ ಕೇಳಿದ ಮೂಲ ಪ್ರಶ್ನೆಗೆ ನನ್ನ ಉತ್ತರ ಬೇರೆಯೇ ಇದೆ. ನಮ್ಮದು ಅಳಿಯಸಂತಾನದ ಕಡೆ, ಎಂದರೆ ವಂಶವೂ ಆಸ್ತಿಯೂ ಹೆಣ್ಣಿನ ಕಡೆಯಿಂದ ಸಾಗುವ ಪದ್ಧತಿ. ಬರಿ (ಕುಲದ ಹೆಸರು) ತಾಯಿಯಿಂದ ಬರುತ್ತದೆ, ತಂದೆಯಿಂದಲ್ಲ. ಹೀಗಾಗಿ ನನ್ನ ತಾಯಿಯ ತಾಯಿಯ ತಾಯಿಯ ಹೆಸರು ನಮ್ಮ ಮನೆಯ ಸಣ್ಣ ಮಕ್ಕಳಿಗೂ ಗೊತ್ತು. ಮುತ್ತಜ್ಜನ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.

ಹಾಸನದ ಓದುಗಿ:
ಇದನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ಹೆಸರು ಉಳಿಯುವುದು ನೆನಪಿನ ಶಕ್ತಿಯಿಂದ ಎಂದುಕೊಂಡಿದ್ದೆ. ಆಸ್ತಿ ಯಾವ ಕಡೆ ಹರಿಯುತ್ತದೆಯೋ ಹೆಸರೂ ಆ ಕಡೆಗೇ ಹರಿಯುತ್ತದೆ.

ಬೆಂಗಳೂರಿನಲ್ಲಿರುವ ಹೊಳೆನರಸೀಪುರದವಳು:
ಹಾಗಾದರೆ ಆಸ್ತಿಯ ಕಾಗದದಿಂದಲೇ ಹೆಣ್ಣುಮಕ್ಕಳನ್ನು ಹುಡುಕುವ ದಾರಿಯನ್ನೂ ಹೇಳುತ್ತೇನೆ. ನಮ್ಮ ರಾಜ್ಯದಲ್ಲಿ 1994ರ ತಿದ್ದುಪಡಿಯಿಂದ, ಆಗಿನ್ನೂ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಬಂತು. 2005ರ ಕೇಂದ್ರದ ತಿದ್ದುಪಡಿ ಮದುವೆಯಾದವರಿಗೂ ಅದನ್ನು ವಿಸ್ತರಿಸಿತು. ಪರಿಣಾಮವಾಗಿ, ಆ ನಂತರದ ವಿಭಾಗಪತ್ರ ಮತ್ತು ಹಕ್ಕು ಖುಲಾಸೆ ಪತ್ರಗಳಲ್ಲಿ ಮನೆಯ ಪ್ರತಿಯೊಬ್ಬ ಹೆಣ್ಣುಮಗಳ ಹೆಸರು, ಗಂಡನ ಹೆಸರು, ಕೊಟ್ಟ ಊರು, ವಯಸ್ಸು ಇರಲೇಬೇಕಾಯಿತು. ಪಾಲನ್ನು ಬಿಟ್ಟುಕೊಡಲೆಂದು ಸಹಿ ಹಾಕಿಸಿಕೊಂಡ ಕಾಗದಗಳೇ ಅತ್ತೆಯಂದಿರ ಹೆಸರನ್ನು ಉಳಿಸಿವೆ ಎಂಬುದು ನನಗೆ ಸಿಹಿಯೂ ಅಲ್ಲ, ಕಹಿಯೂ ಅಲ್ಲದ ಸಂಗತಿ. ಉಪನೋಂದಣಿ ಕಚೇರಿಯಲ್ಲಿ ಸರ್ವೆ ನಂಬರ್ ಕೊಟ್ಟು ಋಣಭಾರ ಪತ್ರ (ಆ ಜಮೀನಿನ ನೋಂದಾಯಿತ ಪತ್ರಗಳ ಪಟ್ಟಿ) ತೆಗೆಸಿದರೆ ಇಂತಹ ಪತ್ರಗಳ ಸುಳಿವು ಸಿಗುತ್ತದೆ.

ಅದಕ್ಕಿಂತ ಹಿಂದಿನ ಹೆಂಗಸರಿಗೆ ಅಡುಗೆಮನೆಯ ಅಟ್ಟಕ್ಕೆ ಹತ್ತಬೇಕು. ಹಿತ್ತಾಳೆಯ ಕೊಳಗ, ತಾಮ್ರದ ಹಂಡೆ, ಚೊಂಬುಗಳ ಕಂಠದ ಬಳಿ ಚುಕ್ಕಿಚುಕ್ಕಿಯಾಗಿ ಕೊರೆದ ಹೆಸರುಗಳನ್ನು ಹುಣಸೆಹಣ್ಣು ಹಚ್ಚಿ ಉಜ್ಜಿ ಓದಿ. ತವರಿನವರು ಕೊಟ್ಟ ಪಾತ್ರೆಯ ಮೇಲೆ ತವರಿನ ಹೆಸರಿರುತ್ತದೆ. ಅದು ನಿಮ್ಮ ಮನೆತನದ ಹೆಸರಲ್ಲದಿದ್ದರೆ ಮತ್ತಷ್ಟು ಒಳ್ಳೆಯದು. ಹಳೆಯ ಮದುವೆಗಳ ಮುಯ್ಯಿ ಪುಸ್ತಕವನ್ನೂ ಬಿಸಾಡಬೇಡಿ. ಯಾವ ಊರಿನ ಯಾರು ಎಷ್ಟು ಮುಯ್ಯಿ ಮಾಡಿದರು ಎಂಬ ಪಟ್ಟಿ ಎಂದರೆ ಆ ಕಾಲದ ನೆಂಟರ ಜನಗಣತಿಯೇ. ಎರಡು ರೂಪಾಯಿ ಮುಯ್ಯಿ ಮಾಡಿದವರು ದೂರದವರು, ಸೀರೆಯೋ ಪಾತ್ರೆಯೋ ಕೊಟ್ಟವರು ಹತ್ತಿರದವರು.

ಅರಸೀಕೆರೆಯ ನಿವೃತ್ತ ಮೇಷ್ಟ್ರು:
ತರ್ಪಣ ಕೊಡುವ ಮನೆಗಳವರಿಗೆ ಇನ್ನೂ ಹತ್ತಿರದ ದಾರಿಯಿದೆ. ತಂದೆ, ತಾತ, ಮುತ್ತಾತನ ಹೆಸರಿನ ಜೊತೆಗೇ ತಾಯಿ, ಪಿತಾಮಹಿ, ಪ್ರಪಿತಾಮಹಿಯರ ಹೆಸರನ್ನೂ ಹೇಳಬೇಕು. ಮರೆತುಹೋಗುತ್ತದೆಂದು ಮನೆಯ ಹಿರಿಯರೋ ಪುರೋಹಿತರೋ ಒಂದು ಚೀಟಿಯಲ್ಲಿ ಬರೆದಿಟ್ಟಿರುತ್ತಾರೆ. ಬಯಲುಸೀಮೆಯ ಒಕ್ಕಲು ಮನೆಗಳವರು ಹೆಳವರನ್ನು ಕೇಳಬೇಕು. ಹಿಂದೆ ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸಿಕೊಂಡು ಬಂದು, ಮನೆಯ ಮುಂದೆ ನಿಂತು ಆ ಮನೆತನದ ವಂಶಾವಳಿಯನ್ನು ಹೇಳಿ ದವಸ ಪಡೆದು ಹೋಗುತ್ತಿದ್ದರು. ಅವರು ಬಂದಾಗ ಕೈಬಿಚ್ಚಿ ಕೊಟ್ಟು, ಫೋನಿನಲ್ಲಿ ಧ್ವನಿಮುದ್ರಣ ಮಾಡಿಕೊಳ್ಳಲು ಅನುಮತಿ ಕೇಳಿ.

ಚಿಕ್ಕಮಗಳೂರಿನ ವಿದ್ಯಾರ್ಥಿ:
ಜನಗಣತಿ ಎಂದಾಗ ನೆನಪಾಯಿತು. ಇಂಗ್ಲೆಂಡಿನ ಹಳೆಯ ಜನಗಣತಿಯ ಪುಟಗಳಲ್ಲಿ ಮನೆಮಂದಿಯ ಹೆಸರನ್ನೆಲ್ಲ ಅಂತರ್ಜಾಲದಲ್ಲೇ ನೋಡಬಹುದಂತೆ. ಮೈಸೂರು ಸಂಸ್ಥಾನದ ಜನಗಣತಿಯಲ್ಲೂ ಹಾಗೆ ಸಿಗುತ್ತದೆಯೇ?

ಕಡೂರಿನ ವಕೀಲರು:
ಸಿಗುವುದಿಲ್ಲ. ಅವರಲ್ಲಿ ನೂರು ವರ್ಷ ಕಳೆದ ಮೇಲೆ ಬಿಡುಗಡೆ ಮಾಡುತ್ತಾರೆ. 1921ರ ಪುಟಗಳು 2022ರಲ್ಲಿ ಹೊರಬಂದವು. ನಮ್ಮಲ್ಲಿ ಮುದ್ರಿತ ವರದಿಗಳ ಅಂಕಿಅಂಶಗಳಷ್ಟೇ ಸಾರ್ವಜನಿಕರಿಗೆ ಸಿಗುತ್ತವೆ, ಮತ್ತು 1948ರ ಜನಗಣತಿ ಕಾಯಿದೆಯಂತೆ ಒಬ್ಬೊಬ್ಬರ ವಿವರ ಗೋಪ್ಯ. ಹೊರದೇಶದ ಸಲಹೆಗಳನ್ನು ಹಾಗೆಯೇ ಹಲಗೆಗೆ ಏರಿಸಿದರೆ ಜನ ಸುಮ್ಮನೆ ಅಲೆಯುತ್ತಾರೆ. ಮತದಾರರ ಪಟ್ಟಿಯಲ್ಲಿಯೂ ಎಚ್ಚರ ಬೇಕು. ಮೊದಲ ಮಹಾಚುನಾವಣೆಯ ಹೊತ್ತಿಗೆ, ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ಅವರಲ್ಲಿ ಹೆಚ್ಚಿನವರು ಉತ್ತರದ ರಾಜ್ಯಗಳವರು ಎಂಬುದು ನಿಜ, ಆದರೆ ನಮ್ಮ ಅಜ್ಜಿಯಂದಿರೂ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲವಲ್ಲ.

ಸಕಲೇಶಪುರದವರು:
ಹಳೆಯ ಪುಸ್ತಕಗಳಲ್ಲಿ ಹುಡುಕುವವರು ಊರು, ಜಿಲ್ಲೆಗಳ ಹಳೆಯ ಹೆಸರನ್ನು ತಿಳಿದಿರಬೇಕು. ನಮ್ಮ ತಾಲ್ಲೂಕಿಗೆ ಮಂಜರಾಬಾದ್ ಎಂಬ ಹೆಸರಿತ್ತು. ಚಿಕ್ಕಮಗಳೂರು ಜಿಲ್ಲೆ 1947ರವರೆಗೆ ಕಡೂರು ಜಿಲ್ಲೆ. ಆದ್ದರಿಂದಲೇ ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹವಾದ ಎಪಿಗ್ರಾಫಿಯ ಕರ್ನಾಟಿಕದ ಐದನೆಯ ಸಂಪುಟದ ಮೇಲೆ ಹಾಸನ ಎಂದಿದೆ, ಆರನೆಯದರ ಮೇಲೆ ಕಡೂರು ಎಂದಿದೆ. ಚಿಕ್ಕಮಗಳೂರಿನ ಶಾಸನಗಳೇ ಇಲ್ಲ ಎಂದು ಒಬ್ಬರು ಪುಸ್ತಕ ಮುಚ್ಚಿಟ್ಟು ಹೋದದ್ದನ್ನು ಕಂಡಿದ್ದೇನೆ. ಹಾಸನ ಕೂಡ 1882ರಿಂದ 1886ರವರೆಗೆ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ. ಹೇಮಾವತಿಯ ಹಿನ್ನೀರಿನಲ್ಲಿ ಮುಳುಗಿದ ಊರಿನವರಿಗಂತೂ ಊರೇ ಇಲ್ಲ. ಅವರು ಪರಿಹಾರದ ಕಾಗದ ಮತ್ತು ಪುನರ್ವಸತಿಯಲ್ಲಿ ಸಿಕ್ಕ ಜಮೀನಿನ ಕಾಗದದಿಂದಲೇ ಹಿಂದಕ್ಕೆ ಹೋಗಬೇಕು.

ಹಾಸನದ ಓದುಗಿ:
ಹದಿನೈದು ದಿನಗಳ ಹಲಗೆಗೆ ಸಾಕಾಗುವಷ್ಟು ಕೊಟ್ಟಿದ್ದೀರಿ. ಹೊಳೆನರಸೀಪುರದವರ ಮಾತು ಕೇಳಿ ಭಾನುವಾರ ಊರಿಗೆ ಹೋಗಿ ಅಟ್ಟ ಹತ್ತಿದೆ. ಹಂಡೆಯ ಮೇಲೆ ದೊಡ್ಡಪ್ಪನ ಇನಿಷಿಯಲ್, ಕೊಳಗದ ಮೇಲೆ ಏನೂ ಇಲ್ಲ. ಒಂದು ಹಿತ್ತಾಳೆಯ ಚೊಂಬಿನ ಅಂಚಿನಲ್ಲಿ ಮಾತ್ರ ಹುಣಸೆಹಣ್ಣು ಹಚ್ಚಿ ಉಜ್ಜಿದ ಮೇಲೆ "ಚಿ. ಸೌ. ನಂ" ಎಂಬಷ್ಟು ಕಂಡಿತು, ಮುಂದಿನ ಚುಕ್ಕಿಗಳು ಸವೆದುಹೋಗಿವೆ. ನಂಜಮ್ಮನೋ, ನಂದಿನಿಯೋ ಎಂದು ನಾನು ಯೋಚಿಸುತ್ತಿದ್ದರೆ, ಎಂಬತ್ತೆಂಟು ವರ್ಷದ ಚಿಕ್ಕಜ್ಜಿ ಕೆಳಗಿನಿಂದಲೇ "ಆ ಕಾಲದಲ್ಲಿ ನಂದಿನಿ ಎಲ್ಲಿಂದ ಬರಬೇಕು, ನಂಜಮ್ಮನೇ ಇರಬೇಕು" ಎಂದರು. ಇಷ್ಟು ದಿನ ಏಕೆ ಹೇಳಲಿಲ್ಲ ಎಂದು ಕೇಳಿದೆ. ಯಾರೂ ಕೇಳಲಿಲ್ಲವಂತೆ. ಅದು ಮುತ್ತಜ್ಜಿಯ ಚೊಂಬೋ, ಅವರ ಓರಗಿತ್ತಿಯದೋ ಎಂಬುದಕ್ಕೆ ಮೈಸೂರಿನಲ್ಲಿರುವ ಇನ್ನೊಬ್ಬ ಅತ್ತೆಯನ್ನು ಕೇಳಬೇಕಾಗಿದೆ. ಅಲ್ಲಿಯವರೆಗೆ ವಂಶವೃಕ್ಷದಲ್ಲಿ ಪೆನ್ಸಿಲಿನಿಂದ ಬರೆದಿದ್ದೇನೆ.

ಮೂಡಿಗೆರೆಯವರೇ, ನೀವು ಒಪ್ಪಿದರೆ ನಾಳಿನ ತುಣುಕು ನಿಮ್ಮದು. ಹೆಸರು, ಊರು ಹಾಕುವುದಿಲ್ಲ. "ನಮ್ಮಲ್ಲಿ ಮುತ್ತಜ್ಜಿಯ ಹೆಸರು ಎಲ್ಲರಿಗೂ ಗೊತ್ತು, ಮುತ್ತಜ್ಜನ ಹೆಸರು ಯಾರಿಗೂ ಗೊತ್ತಿಲ್ಲ. ನಿಮ್ಮಲ್ಲಿ?" ಎಂದಷ್ಟೇ ಬರೆಯುತ್ತೇನೆ.

ಮೂಡಿಗೆರೆಯಿಂದ ಒಬ್ಬರು:
ಬರೆಯಿರಿ ಅಕ್ಕ. ಚೆಕ್‌ರೋಲಿನ ವಿಷಯವನ್ನೂ ಕೆಳಗೆ ಸಣ್ಣದಾಗಿ ಸೇರಿಸಿ. ನಾನು ಶನಿವಾರ ಹಳೆಯ ತೋಟದ ರೈಟರ್ ಅವರನ್ನು ನೋಡಲು ಹೋಗುತ್ತಿದ್ದೇನೆ.